ಟ್ರೈನರ್ ಕೊಳ್ಳುವ ಮುಂಚೆ ಹಿಂದಿನ ಚಕ್ರ ನೋಡಿ

ಹೋದ ವಾರ ಊಟದ ಹೊತ್ತಿಗೆ ನಮ್ಮ ಬ್ರಾಂಚಿನ ಹುಡುಗಿಯೊಬ್ಬಳು ಡಬ್ಬಿ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತಳು. "ಮೇಡಂ, ಮನೇಲೇ ಸೈಕಲ್ ತುಳಿಯೋಕೆ ಸ್ಮಾರ್ಟ್ ಟ್ರೈನರ್ ತಗೋಬೇಕು ಅಂತಿದ್ದೀನಿ. ಯಾವುದು ಒಳ್ಳೇದು, ಒಂದು ಹೆಸರು ಹೇಳಿಬಿಡಿ" ಅಂದಳು. ನಾನು ಹೆಸರು ಹೇಳಲಿಲ್ಲ. "ನಿನ್ನ ಸೈಕಲ್ಲಿನ ಹಿಂದಿನ ಗೇರನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ಒಂದು ವಿಡಿಯೊ ಮಾಡಿ ಕಳಿಸು, ಆಮೇಲೆ ಹೇಳ್ತೀನಿ" ಅಂದೆ. ಅವಳ ಮುಖ ಸಪ್ಪಗಾಯಿತು. ಏನೋ ನೆಪ ಹೇಳುತ್ತಿದ್ದೀನಿ ಅಂದುಕೊಂಡಳೋ ಏನೋ. ನೆಪ ಅಲ್ಲ. ನನಗೆ ಈ ಮಾತು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ತುಂಬಾ ದುಡ್ಡು ಉಳಿಯುತ್ತಿತ್ತು. ಅದಕ್ಕೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಇದು ಜಿಮ್ಮಿನಲ್ಲಿ ಇರುವ ಸೈಕಲ್ ಅಲ್ಲ. ನಮ್ಮದೇ ಸೈಕಲ್ಲನ್ನು ಕೂರಿಸಿ ತುಳಿಯುವ ಸ್ಟ್ಯಾಂಡು. ಒಳಗೆ ಭಾರದ ಗಾಲಿಯೊಂದು ಇರುತ್ತದೆ, ಅದೇ ಫ್ಲೈವೀಲ್. ಅದನ್ನು ಹಿಡಿದು ತಡೆಯಲು ಆಯಸ್ಕಾಂತದ ಬ್ರೇಕು ಇರುತ್ತದೆ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಒಂದು ಸೈಕ್ಲಿಂಗ್ ಆ್ಯಪ್‌ಗೆ ಜೋಡಿಸಿದರೆ, ಪರದೆ ಮೇಲಿನ ರಸ್ತೆಯಲ್ಲಿ ಏರು ಬಂದಾಗ ಬ್ರೇಕು ತಾನೇ ಬಿಗಿಯಾಗುತ್ತದೆ, ಇಳಿಜಾರು ಬಂದರೆ ಸಡಿಲವಾಗುತ್ತದೆ. ನಾವು ಎಷ್ಟು ವಾಟ್ ಶಕ್ತಿ ಹಾಕುತ್ತಿದ್ದೇವೆ ಅನ್ನುವುದೂ ಕಾಣುತ್ತದೆ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಚಕ್ರ ಬಿಚ್ಚಬೇಕಾಗಿಲ್ಲ, ಹಿಂದಿನ ಟಯರು ಒಂದು ರೋಲರ್ ಮೇಲೆ ಒತ್ತಿಕೊಂಡು ತಿರುಗುತ್ತದೆ. ಅದಕ್ಕೆ ವೀಲ್-ಆನ್ ಅನ್ನುತ್ತಾರೆ. ಇನ್ನೊಂದರಲ್ಲಿ ಹಿಂದಿನ ಚಕ್ರ ಪೂರ್ತಿ ಬಿಚ್ಚಿ, ಟ್ರೈನರ್ ಮೇಲೇ ಗೇರ್ ಹಾಕಿ, ಚೈನನ್ನು ನೇರವಾಗಿ ಅದಕ್ಕೇ ಕೂರಿಸುತ್ತೇವೆ. ಅದು ಡೈರೆಕ್ಟ್ ಡ್ರೈವ್.

ನನಗೆ ಇದು ಬೇಕಾಗಿದ್ದು ಯಾಕೆ ಅಂದರೆ, ನಾನು ಬಿಆರ್‌ಎಂ ಓಡಿಸುತ್ತೇನೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿಲೋಮೀಟರ್ ಹದಿಮೂರೂವರೆ ಗಂಟೆಯೊಳಗೆ, 300 ಆದರೆ 20 ಗಂಟೆಯೊಳಗೆ ಮುಗಿಸಬೇಕು. 200 ನಾಲ್ಕು ಸಲ ಮುಗಿಸಿದ್ದೇನೆ. 300 ಇನ್ನೂ ಬಾಕಿ. ಮುಂಚೆ ಬೆಳಗಿನ ಜಾವ ನಾಲ್ಕೂವರೆಗೆ ಮೈಸೂರಿನ ರಿಂಗ್ ರೋಡಿಗೆ ಹೋಗುತ್ತಿದ್ದೆ. ಒಂದು ದಿನ ನಾಯಿಗಳು ಅಟ್ಟಿಸಿಕೊಂಡು ಬಂದು ಬಿದ್ದೆ, ಕಾಲರ್ ಬೋನ್ ಮುರಿಯಿತು. ಮಗಳಿಗೆ ಆ ವರ್ಷ ಎಸ್ಎಸ್ಎಲ್‌ಸಿ. ಯಜಮಾನರಿಗೆ ಕಲಬುರಗಿಯಲ್ಲಿ ಪೋಸ್ಟಿಂಗ್. ಮನೆಯಲ್ಲಿ ಅತ್ತೆ, ಮಗಳು, ನಾನು. ಕತ್ತಲಲ್ಲಿ ಇಬ್ಬರನ್ನೇ ಬಿಟ್ಟು ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲ. ಸೈಕಲ್ ಬಿಡುವುದಕ್ಕೂ ಒಪ್ಪಲಿಲ್ಲ.

ಮೊದಲು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ವೀಲ್-ಆನ್. ಕಡಿಮೆ ಬೆಲೆ, ಚಕ್ರ ಬಿಚ್ಚುವ ರಗಳೆ ಇಲ್ಲ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಗಮನಿಸಿದೆ, ಹಿಂದಿನ ಟಯರಿನ ಕೆಳಗೆ ನೆಲದ ಮೇಲೆ ನುಣ್ಣನೆ ಕಪ್ಪು ಪುಡಿ. ಬಿಳಿ ಟೈಲ್ಸ್ ಮೇಲೆ ಬೆರಳು ಎಳೆದರೆ ಕಾಡಿಗೆ ಮುಟ್ಟಿದ ಹಾಗೆ ಆಗುತ್ತಿತ್ತು. ಟಯರು ಸವೆದು ಉದುರುತ್ತಿತ್ತು. ಎದ್ದು ನಿಂತು ಜೋರಾಗಿ ತುಳಿದರೆ ಟಯರು ರೋಲರ್ ಮೇಲೆ ಜಾರಿ 'ಚರ್' ಅನ್ನುತ್ತಿತ್ತು, ರಬ್ಬರ್ ಸುಟ್ಟ ವಾಸನೆ. ಟ್ರೈನರಿಗೆಂದೇ ಗಟ್ಟಿ ರಬ್ಬರಿನ ಬೇರೆ ಟಯರ್ ಸಿಗುತ್ತದೆ, ಅದನ್ನೂ ಹಾಕಿಸಿದೆ. ಜಾರುವುದು ಕಮ್ಮಿಯಾಯಿತು. ಆದರೆ ಪ್ರತಿ ಭಾನುವಾರ ಹೊರಗೆ ಹೋಗಬೇಕಾದರೆ ಟಯರ್ ಬದಲಾಯಿಸಬೇಕು.

ನಿಜವಾದ ತೊಂದರೆ ಅದಲ್ಲ. ತೊಂದರೆ ಇದ್ದದ್ದು ಅದು ತೋರಿಸುವ ನಂಬರಿನಲ್ಲಿ. ಈ ತರಹದ ಟ್ರೈನರ್ ಎಷ್ಟೋ ಸಲ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ರೋಲರ್ ಎಷ್ಟು ಸ್ಪೀಡಾಗಿ ತಿರುಗುತ್ತಿದೆ, ಬ್ರೇಕು ಎಷ್ಟು ಬಿಗಿಯಾಗಿದೆ ಅಂತ ನೋಡಿ ಲೆಕ್ಕ ಹಾಕುತ್ತದೆ. ಟಯರಿನಲ್ಲಿ ಗಾಳಿ ಕಮ್ಮಿ ಇದ್ದರೆ ಲೆಕ್ಕ ಬದಲಾಗುತ್ತದೆ. ರೋಲರನ್ನು ಅರ್ಧ ಸುತ್ತು ಜಾಸ್ತಿ ಬಿಗಿ ಮಾಡಿದರೂ ಬದಲಾಗುತ್ತದೆ. ಪ್ರತಿ ಸಲ ಒಂದೇ ಗಾಳಿ, ಒಂದೇ ಬಿಗಿ ಇಟ್ಟು, ಹತ್ತು ನಿಮಿಷ ತುಳಿದು ಬಿಸಿ ಮಾಡಿ, ಆಮೇಲೆ ಸ್ಪಿನ್‌ಡೌನ್ ಮಾಡಬೇಕು. ಅಂದರೆ ಒಂದು ಸ್ಪೀಡ್‌ವರೆಗೆ ತುಳಿದು, ಕಾಲು ಬಿಟ್ಟು, ಅದು ತಾನಾಗಿ ನಿಲ್ಲಲು ಎಷ್ಟು ಹೊತ್ತು ಬೇಕು ಅನ್ನುವುದರಿಂದ ಯಂತ್ರ ತನ್ನ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ನಾನು ಇದನ್ನು ಮಾಡುತ್ತಿರಲಿಲ್ಲ. ಮೂರು ತಿಂಗಳಲ್ಲಿ ನನ್ನ ನಂಬರು 150 ಇದ್ದದ್ದು 185 ವಾಟ್ ಆಗಿತ್ತು. ಎಷ್ಟು ಖುಷಿ ಪಟ್ಟಿದ್ದೆ ಅಂದರೆ, ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದ್ದೆ.

ಆಮೇಲೆ ಒಂದು ಭಾನುವಾರ ಚಾಮುಂಡಿ ಬೆಟ್ಟ ಹತ್ತಿದೆ. ನನ್ನ ತೂಕ 62 ಕೆ.ಜಿ. ಸೈಕಲ್, ನೀರು, ಟೂಲ್ ಎಲ್ಲ ಸೇರಿದರೆ 75. ಐದು ಪರ್ಸೆಂಟ್ ಏರಿನಲ್ಲಿ ಗಂಟೆಗೆ 12 ಕಿಲೋಮೀಟರ್ ಸ್ಪೀಡಿನಲ್ಲಿ ಹೋಗಲು ಸುಮಾರು 150 ವಾಟ್ ಸಾಕು. 185 ನಿಜವೇ ಆಗಿದ್ದರೆ 14 ದಾಟಬೇಕಿತ್ತು. ಮೀಟರು 12ರ ಮೇಲೆ ಏಳಲೇ ಇಲ್ಲ. ದೊಡ್ಡ ನಂದಿಯ ಹತ್ತಿರ ಸೈಕಲ್ ಒರಗಿಸಿ ಕೂತಾಗ ಅರ್ಥವಾಯಿತು, ಮೂರು ತಿಂಗಳು ನಾನು ಗಟ್ಟಿಯಾಗಿರಲಿಲ್ಲ, ಟಯರಿಗೆ ರೋಲರಿನ ಒತ್ತು ಸಡಿಲವಾಗಿತ್ತು. ಅಳು ಬಂತು, ಸುಳ್ಳು ಹೇಳಲ್ಲ.

ಅದಾದ ಮೇಲೆ ಡೈರೆಕ್ಟ್ ಡ್ರೈವ್ ಬೇಕು ಅಂತ ತೀರ್ಮಾನ ಮಾಡಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬರುವವನಿದ್ದ. ಅಲ್ಲಿ ಆಫರ್‌ನಲ್ಲಿ ಸಿಗುತ್ತಿತ್ತು. ಇಂಥ ಯಂತ್ರಗಳು ತುಂಬಾ ಭಾರ, 23 ಕೆ.ಜಿ.ಯ ಬ್ಯಾಗೇಜ್ ಪೂರ್ತಿ ಅದಕ್ಕೇ ಹೋಯಿತು. ಪಾಪ, ಅಣ್ಣ ತನ್ನ ಬಟ್ಟೆಗಳನ್ನೆಲ್ಲ ಹೆಂಡತಿಯ ಪೆಟ್ಟಿಗೆಗೆ ತುರುಕಿ ತಂದುಕೊಟ್ಟ. ಅಡಾಪ್ಟರ್ ಮೇಲೆ '100ರಿಂದ 240 ವೋಲ್ಟ್' ಅಂತ ಬರೆದಿತ್ತು, ಹಾಗಾಗಿ ನಮ್ಮ ಕರೆಂಟಿಗೂ ನಡೆಯುತ್ತದೆ. ಹೊರದೇಶದಿಂದ ತರಿಸುವವರು ಈ ಸಾಲನ್ನು ಮಾತ್ರ ಓದದೆ ಬಿಡಬೇಡಿ.

ಮೇ ತಿಂಗಳ ಒಂದು ಸಂಜೆ ಗುಡುಗು ಮಿಂಚು. ಕರೆಂಟ್ ಹೋಗಿ ಬಂತು, ಹೋಗಿ ಬಂತು. ನಾನು ಪ್ಲಗ್ ಕಿತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಲೈಟೇ ಹತ್ತಲಿಲ್ಲ. ಅಡಾಪ್ಟರ್ ಸುಟ್ಟಿತ್ತು. ಕಂಪನಿಗೆ ಮೇಲ್ ಹಾಕಿದೆ. ಕೊಂಡ ದೇಶದಲ್ಲೇ ವಾರಂಟಿ, ಅಲ್ಲಿನ ಅಂಗಡಿಗೇ ಕೊಡಿ ಅಂತ ಉತ್ತರ ಬಂತು. ಇಪ್ಪತ್ತು ಕೆ.ಜಿ. ಯಂತ್ರವನ್ನು ವಾಪಸ್ ಕಳಿಸುವುದು ಹೇಗೆ? ಐದು ವಾರ ಆದ ಮೇಲೆ ಒಬ್ಬ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಹೊಂದುವ ಅಡಾಪ್ಟರ್ ಹುಡುಕಿಕೊಟ್ಟರು. ವೋಲ್ಟ್ ಅಷ್ಟೇ ಇರಬೇಕು, ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್ನಿನ ಪ್ಲಸ್ಸು ಮೈನಸ್ಸು ಅದಲುಬದಲಾಗಬಾರದು ಅಂತ ಅವರು ಹೇಳಿಕೊಟ್ಟಿದ್ದು ಈಗಲೂ ನೆನಪಿದೆ. ಆದರೆ ಅದಾಗಿ ಮೂರು ತಿಂಗಳಿಗೆ ಒಳಗಿನ ಬೇರಿಂಗು ಕಟಕಟ ಅನ್ನಲು ಶುರುವಾಯಿತು. ಅದನ್ನು ಬಿಚ್ಚುವವರು ಇಲ್ಲಿ ಯಾರೂ ಇರಲಿಲ್ಲ. ಬಿಡಿಭಾಗವೂ ಇಲ್ಲ. ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟೆ.

ಅಲ್ಲಿಂದ ಮುಂದೆ ನನಗೆ ಭರವಸೆಯ ಯಂತ್ರ ಅಂದರೆ ಕೆಡದ ಯಂತ್ರ ಅಲ್ಲ. ಕೆಟ್ಟರೆ ನಮ್ಮೂರಿನಲ್ಲಿ, ಇಲ್ಲ ಬೆಂಗಳೂರಿನಲ್ಲಾದರೂ, ಯಾರೋ ಒಬ್ಬರು ಹೊಣೆ ಹೊತ್ತು ಸರಿ ಮಾಡಿಕೊಡುವ ಯಂತ್ರ. ಮೂರನೇ ಸಲ ಕೊಳ್ಳುವಾಗ ಮೂರು ಅಂಗಡಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಬೆಲ್ಟೋ ಬೇರಿಂಗೋ ಹೋದರೆ ಏನು ಮಾಡ್ತೀರಿ?" ಒಬ್ಬರು "ಅದೆಲ್ಲ ಹೋಗಲ್ಲ ಮೇಡಂ" ಅಂದರು. ಇನ್ನೊಬ್ಬರು ಕಂಪನಿಗೆ ನೀವೇ ಬರೀಬೇಕು ಅಂದರು. ಮೂರನೆಯವರು "ಬಾಕ್ಸ್ ಎಸೀಬೇಡಿ, ಅದೇ ಬಾಕ್ಸಲ್ಲಿ ನಮಗೆ ಕಳಿಸಿ, ವಾರಂಟಿಯಲ್ಲಿದ್ದರೆ ಬದಲಿ ಕೊಡಿಸ್ತೀವಿ" ಅಂದರು. ಅವರ ಹತ್ತಿರವೇ ತಗೊಂಡೆ. ಬೆಲೆ ಒಂದಿಷ್ಟು ಜಾಸ್ತಿಯೇ ಆಯಿತು. ಬಾಕ್ಸು ಈಗಲೂ ಅಟ್ಟದ ಮೇಲಿದೆ.

ತಗೊಂಡಿದ್ದು ವಾಹೂ ಕಿಕರ್ ಕೋರ್, ಹಳೆಯ ಮಾಡೆಲ್. ಫ್ಲೈವೀಲ್ 5.4 ಕೆ.ಜಿ. ತಡೆಯುವ ಶಕ್ತಿ 1800 ವಾಟ್‌ವರೆಗೆ, 16 ಪರ್ಸೆಂಟ್‌ವರೆಗಿನ ಏರು, ಅಳತೆಯಲ್ಲಿ ಎರಡು ಪರ್ಸೆಂಟ್ ಆಚೀಚೆ. ಅದೇ ಕಂಪನಿಯ ದೊಡ್ಡ ಕಿಕರ್ ನೋಡಿದರೆ 2200 ವಾಟ್, 20 ಪರ್ಸೆಂಟ್ ಏರು, ಒಂದೇ ಪರ್ಸೆಂಟ್ ಆಚೀಚೆ. ಟ್ಯಾಕ್ಸ್ (Tacx) ಅನ್ನುವ ಇನ್ನೊಂದು ಕಂಪನಿಯ ನಿಯೋ 2ಟಿ 25 ಪರ್ಸೆಂಟ್ ಏರಿನವರೆಗೂ ಹೋಗುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ನಾನು ಪ್ರಾಣ ಬಿಟ್ಟು ತುಳಿದರೂ 500 ವಾಟ್ ಕೆಲವು ಸೆಕೆಂಡ್ ಅಷ್ಟೇ. 2200 ನನಗೆ ಯಾಕೆ? ಏರಿನ ಲೆಕ್ಕವೂ ಅಷ್ಟೇ. ಜ್ವಿಫ್ಟ್ ಅನ್ನುವ ಸೈಕ್ಲಿಂಗ್ ಆ್ಯಪ್‌ನಲ್ಲಿ ಟ್ರೈನರ್ ಡಿಫಿಕಲ್ಟಿ ಅಂತ ಒಂದು ಸೆಟ್ಟಿಂಗ್ ಇದೆ, ಅದು ಮೊದಲಿಂದಲೇ 50 ಪರ್ಸೆಂಟಿಗೆ ಇರುತ್ತದೆ. ಪರದೆಯಲ್ಲಿ 10 ಪರ್ಸೆಂಟ್ ಏರು ಬಂದರೆ ಕಾಲಿಗೆ ಸಿಗುವುದು 5ರ ಬಿಗಿ. ಅಳತೆಯ ವಿಷಯಕ್ಕೆ ಬಂದರೆ, 150 ವಾಟ್‌ನಲ್ಲಿ ಎರಡು ಪರ್ಸೆಂಟ್ ಅಂದರೆ ಬರೀ 3 ವಾಟ್. ಐದು ಪರ್ಸೆಂಟ್ ಆದರೆ ಏಳೂವರೆ. ಮೂರು ವಾಟ್ ಹೆಚ್ಚು ಕಮ್ಮಿಯ ಜೊತೆ ಬದುಕಬಹುದು. ಇವತ್ತಿನ 150ಕ್ಕೂ ಮುಂದಿನ ತಿಂಗಳ 150ಕ್ಕೂ ಅರ್ಥ ಒಂದೇ ಇದ್ದರೆ ಸಾಕು ನನಗೆ.

ಒಂದು ವಿಷಯಕ್ಕೆ ಮಾತ್ರ ಆ ನಿಯೋ ಮೇಲೆ ಈಗಲೂ ಆಸೆ ಇದೆ. ಪ್ಲಗ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ, ನಾವು ತುಳಿಯುವುದರಿಂದಲೇ ಅದಕ್ಕೆ ಬೇಕಾದ ಕರೆಂಟು ಹುಟ್ಟುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ, ಯೋಚನೆ ಮಾಡಿ. ನಾನು ನನ್ನ ಕಿಕರ್ ಕೋರನ್ನು ಇನ್ವರ್ಟರ್ ಲೈನಿಗೆ ಹಾಕಿ, ನಡುವೆ ಸ್ಪೈಕ್ ಗಾರ್ಡ್ ಇಟ್ಟಿದ್ದೇನೆ. ತುಳಿದಾದ ಮೇಲೆ ಪ್ಲಗ್ ಕೀಳುವುದು ಅತ್ತೆಯ ಕೆಲಸ. ನಾನು ಮರೆತರೂ ಅವರು ಮರೆಯುವುದಿಲ್ಲ. ಯಂತ್ರದೊಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಅಪ್‌ಡೇಟ್ ಮಾಡುವುದು ಮಾತ್ರ ಮಳೆ ಇಲ್ಲದ ದಿನ, ಸಂಜೆ, ಪುರುಸೊತ್ತಿನಲ್ಲಿ.

ಇನ್ನು ಗೇರಿನ ವಿಷಯ. ನನ್ನದು 9 ಸ್ಪೀಡಿನ, ಅಂದರೆ ಹಿಂದೆ ಒಂಬತ್ತು ಗೇರಿನ, ಹೈಬ್ರಿಡ್ ಸೈಕಲ್. ಟ್ರೈನರ್ ಮೇಲೆ ಹಾಕುವ ಕ್ಯಾಸೆಟ್ಟನ್ನು, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು, ಬೇರೆ ಕೊಳ್ಳಬೇಕಾಯಿತು. ಎಲೈಟ್ ಸುಯಿಟೊದಂಥ ಕೆಲವು ಟ್ರೈನರುಗಳಿಗೆ ಕ್ಯಾಸೆಟ್ ಜೊತೆಗೇ ಬರುತ್ತದೆ, ಆದರೆ ಅದು 11 ಸ್ಪೀಡಿನದು, ನನಗೆ ಉಪಯೋಗವಿಲ್ಲ. ಸೈಕಲ್ ಅಂಗಡಿಯ ಮೆಕ್ಯಾನಿಕ್ ಅಣ್ಣ ಕ್ಯಾಸೆಟ್ ಕೂರಿಸುವಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಒಂದು ತೆಳು ಲೋಹದ ಬಳೆ ಹಾಕಿದರು. ಎರಡು ಮಿಲಿಮೀಟರ್ ದಪ್ಪವೂ ಇಲ್ಲ. "ಇದ್ಯಾಕಣ್ಣ?" ಅಂತ ಕೇಳಿದೆ. ಅದನ್ನು ತೆಗೆದು ಕ್ಯಾಸೆಟ್ ಬಿಗಿ ಮಾಡಿ ನನ್ನ ಕೈಗೆ ಕೊಟ್ಟರು. ಹಿಡಿದು ಅಲ್ಲಾಡಿಸಿದರೆ ಲಡಲಡ. ಬಳೆ ಹಾಕಿ ಮತ್ತೆ ಬಿಗಿ ಮಾಡಿದರು. ಕಲ್ಲಿನ ಹಾಗೆ ಕೂತಿತು. ಟ್ರೈನರಿನಲ್ಲಿ ಕ್ಯಾಸೆಟ್ ಕೂರುವ ಹಬ್ಬು 11 ಸ್ಪೀಡಿನ ಅಗಲಕ್ಕೆ ಇರುತ್ತದೆ, 8 ಅಥವಾ 9 ಸ್ಪೀಡಿನ ಕ್ಯಾಸೆಟ್ ಅದಕ್ಕಿಂತ ಸಣ್ಣದು, ಉಳಿದ ಜಾಗ ತುಂಬಲು ಆ ಬಳೆ. ಬಾಕ್ಸಿನ ಮೂಲೆಯಲ್ಲಿ ಪುಟ್ಟ ಕವರಿನಲ್ಲಿ ಇರುತ್ತದೆ, ಕಸ ಅಂದುಕೊಂಡು ಬಿಸಾಡಬೇಡಿ. ನಿಮ್ಮ ಸೈಕಲ್ಲಿನ ಹಿಂದಿನ ಚಕ್ರ ಹಿಡಿದಿಡುವ ಅಚ್ಚು ಥ್ರೂ ಆಕ್ಸಲ್ಲೋ ಮಾಮೂಲಿ ಕ್ವಿಕ್ ರಿಲೀಸೋ, ಅದಕ್ಕೆ ತಕ್ಕ ಅಡಾಪ್ಟರ್ ಜೊತೆಗೆ ಬರುತ್ತದೆಯೋ, ಅದನ್ನೂ ಅಂಗಡಿಯಲ್ಲೇ ಕೇಳಿ.

ಡಿಸ್ಕ್ ಬ್ರೇಕ್ ಇರುವವರಿಗೆ ಒಂದು ಎಚ್ಚರಿಕೆ. ಹಿಂದಿನ ಚಕ್ರ ಬಿಚ್ಚಿದ ಮೇಲೆ ಅಪ್ಪಿತಪ್ಪಿ ಬ್ರೇಕ್ ಹಿಡಿಯಬಾರದು. ನಮ್ಮ ಮಗಳು ಸುಮ್ನೆ ಹತ್ತಿ ಕೂತು ಎರಡು ಸಲ ಲಿವರ್ ಒತ್ತಿದಳು. ಪ್ಯಾಡ್ ಎರಡೂ ಕೂಡಿಕೊಂಡು, ಚಕ್ರ ವಾಪಸ್ ಹಾಕಲು ಹೋದರೆ ಡಿಸ್ಕ್ ಒಳಗೆ ಹೋಗುತ್ತಿಲ್ಲ. ಅಂಗಡಿಗೆ ಒಯ್ದು ಬಿಡಿಸಿಕೊಂಡು ಬಂದೆ. ಈಗ ಪ್ಯಾಡ್ ನಡುವೆ ಮದುವೆ ಕಾರ್ಡಿನ ದಪ್ಪ ರಟ್ಟನ್ನು ಮಡಚಿ ಸಿಗಿಸಿಡುತ್ತೇನೆ.

ಸದ್ದಿನ ವಿಷಯ ಹೇಳಲೇಬೇಕು. ನಾವಿರುವುದು ಮೊದಲನೇ ಮಹಡಿ. ಹಳೆಯ ವೀಲ್-ಆನ್ ಓಡುವಾಗ ಅತ್ತೆ ಬಂದು ನಿಂತು, "ಇದೇನಮ್ಮ, ಹಿಟ್ಟಿನ ಗಿರಣಿ ತಂದಿಟ್ಟಿದ್ದೀಯಾ?" ಅಂದಿದ್ದರು. ಡೈರೆಕ್ಟ್ ಡ್ರೈವ್ ಬಂದ ಮೇಲೆ ಪಕ್ಕದ ರೂಮಿಗೂ ಕೇಳುವುದಿಲ್ಲ, ಕಿವಿಗೆ ಬೀಳುವುದು ಚೈನಿನ ಸದ್ದು ಮಾತ್ರ. ಹಾಗಿದ್ದರೂ ಕೆಳಗಿನ ಮನೆಯವರು ಬಂದು ಗುಂಯ್ ಅನ್ನುತ್ತದೆ ಅಂದರು. ಅವರ ಮನೆಗೇ ಹೋಗಿ ಕೂತೆ, ಮಗಳಿಗೆ ಮೇಲೆ ತುಳಿಯಲು ಹೇಳಿದೆ. ನಿಜ, ಸದ್ದು ಗಾಳಿಯಲ್ಲಿ ಹೋಗುತ್ತಿರಲಿಲ್ಲ, ನೆಲದಲ್ಲಿ ಇಳಿಯುತ್ತಿತ್ತು. ಯೋಗ ಮ್ಯಾಟ್ ಹಾಕಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ನಂಜನಗೂಡಿನಲ್ಲಿ ಹಸು ಸಾಕಿರುವ ನಮ್ಮ ಮಾವನ ತಮ್ಮ ಒಂದು ಉಪಾಯ ಹೇಳಿದರು. ಕೊಟ್ಟಿಗೆಯಲ್ಲಿ ಹಸು ಮಲಗಲು ಹಾಸುತ್ತಾರಲ್ಲ, ಆ ದಪ್ಪ ರಬ್ಬರ್ ಮ್ಯಾಟ್. ಅದೊಂದನ್ನು ತಂದು ಹಾಕಿದೆ. ಎತ್ತಲು ಇಬ್ಬರು ಬೇಕು. ಒಂದು ತಿಂಗಳು ರಬ್ಬರ್ ವಾಸನೆ ಇತ್ತು. ಆದರೆ ಕೆಳಗಿನ ಮನೆಯವರು ಮತ್ತೆ ಬರಲಿಲ್ಲ. ಬಂದದ್ದು ಸಂಕ್ರಾಂತಿಗೆ, ಎಳ್ಳು ಬೀರಲು.

ಫ್ಯಾನ್‌ಗೆ ಕಂಜೂಸ್ ಮಾಡಬೇಡಿ. ಕಾಲಿನಿಂದ 150 ವಾಟ್ ಹೊರಗೆ ಬರಬೇಕಾದರೆ ಮೈ ಸುಮಾರು 500 ವಾಟ್‌ನಷ್ಟು ಶಾಖ ಹೊರಗೆ ಹಾಕುತ್ತದೆ. ರಸ್ತೆಯಲ್ಲಾದರೆ ಗಾಳಿ ಎದುರಿಗೇ ಬರುತ್ತದೆ. ರೂಮಿನಲ್ಲಿ ನಿಂತ ಗಾಳಿ. ಸೀಲಿಂಗ್ ಫ್ಯಾನ್ ಏನೇನೂ ಸಾಲದು. ಎದೆಗೆ ನೇರವಾಗಿ ಹೊಡೆಯುವ ಸ್ಟ್ಯಾಂಡ್ ಫ್ಯಾನ್ ಬೇಕು. ಬೆವರು ಹ್ಯಾಂಡಲ್ ಕೆಳಗಿನ ಬೋಲ್ಟುಗಳ ಮೇಲೆ ತೊಟ್ಟಿಕ್ಕಿ ತುಕ್ಕು ಹಿಡಿಸುತ್ತದೆ. ಹ್ಯಾಂಡಲ್‌ನಿಂದ ಸೀಟಿನವರೆಗೆ ಒಂದು ಹಳೆ ಟವೆಲ್ ಹಾಸಿ, ತುಳಿದಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆ್ಯಪ್ ಬಗ್ಗೆ ಜಾಸ್ತಿ ಹೇಳಲ್ಲ. ಜ್ವಿಫ್ಟ್ ಚೆನ್ನಾಗಿದೆ, ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ನಾನು ಬಳಸುವುದು ಮೈವೂಶ್, ಅದಕ್ಕೆ ದುಡ್ಡಿಲ್ಲ. ಟ್ರೈನರಿಗೆ ಬ್ಲೂಟೂತ್ ಮತ್ತು ಆಂಟ್ ಪ್ಲಸ್ (ಬ್ಲೂಟೂತ್ ಹಾಗೇ ವೈರಿಲ್ಲದೆ ಜೋಡಿಸುವ ಇನ್ನೊಂದು ದಾರಿ) ಎರಡೂ ಇರಲಿ. ಲ್ಯಾಪ್‌ಟಾಪಿಗೆ ಟ್ರೈನರ್ ಕಾಣಿಸುತ್ತಿಲ್ಲ ಅಂದರೆ ಮೊದಲು ಜೇಬಿನ ಫೋನ್ ನೋಡಿ. ಕಂಪನಿಯ ಆ್ಯಪ್ ಹಿಂದೆ ತೆರೆದುಕೊಂಡು ಅದೇ ಹಿಡಿದುಕೊಂಡಿರುತ್ತದೆ. ನಾನು ಎರಡು ದಿನ ಇದಕ್ಕೇ ಒದ್ದಾಡಿದ್ದೇನೆ.

ಎರ್ಗ್ ಮೋಡ್ ಅಂತ ಒಂದಿದೆ. ನೀವು ಯಾವ ಗೇರಿನಲ್ಲೇ ಇರಿ, ಎಷ್ಟು ಬೇಗ ತುಳಿಯಿರಿ, ಟ್ರೈನರ್ 150 ವಾಟ್ ಅಂದರೆ 150ಕ್ಕೇ ಹಿಡಿದಿಡುತ್ತದೆ. ನನ್ನಂಥವರಿಗೆ ಇದು ವರದಾನ, ಬೆಳಿಗ್ಗೆ ಐದಕ್ಕೆ ತಲೆ ಓಡಿಸುವ ಕೆಲಸವಿಲ್ಲ. ಆದರೆ ಸುಸ್ತಾಗಿ ಕಾಲು ನಿಧಾನ ಮಾಡಿದರೆ ಅಷ್ಟೇ ವಾಟ್ ತುಂಬಲು ಅದು ಇನ್ನೂ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ಕಾಲು ನಿಧಾನ. ಕೊನೆಗೆ ಕೆಸರಿನಲ್ಲಿ ಹೂತ ಹಾಗೆ ಪೆಡಲ್ ನಿಂತುಬಿಡುತ್ತದೆ. ಆಗ ಜಗ್ಗಾಡಬೇಡಿ, ಮಂಡಿಗೆ ಕೆಟ್ಟದ್ದು. ಪೂರ್ತಿ ನಿಲ್ಲಿಸಿ, ಒಂದೆರಡು ಉಸಿರು ಬಿಟ್ಟು, ಹಗುರವಾಗಿ ಮತ್ತೆ ಶುರು ಮಾಡಿ.

ಹುಡುಗಿಯ ವಿಡಿಯೊ ಮೊನ್ನೆ ರಾತ್ರಿ ಬಂತು. ಗೇರನ್ನು ಹಿಂದಕ್ಕೆ ತಿರುಗಿಸಿದಾಗ ನಡುವಿನ ರಿಂಗೂ ಗೇರಿನ ಜೊತೆ ತಿರುಗಿದರೆ ಅದು ಕ್ಯಾಸೆಟ್. ಅವಳದರಲ್ಲಿ ರಿಂಗ್ ನಿಂತಲ್ಲೇ ನಿಂತಿತ್ತು, ಹಲ್ಲುಗಳು ಮಾತ್ರ ತಿರುಗಿದವು. ಅಂದರೆ ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಫ್ರೀವೀಲ್, 7 ಸ್ಪೀಡು. ನಮ್ಮಲ್ಲಿ ಕಮ್ಮಿ ಬೆಲೆಯ ಹೈಬ್ರಿಡ್‌ಗಳಲ್ಲಿ ಇದೇ ಜಾಸ್ತಿ. ಆ ಫ್ರೀವೀಲನ್ನು ಬಿಚ್ಚಿ ಟ್ರೈನರಿಗೆ ಹಾಕಲು ಬರುವುದಿಲ್ಲ. ಕ್ಯಾಸೆಟ್ ಬದಲು ಟ್ರೈನರಿಗೆ ಹಾಕುವ ಒಂದೇ ಹಲ್ಲುಚಕ್ರದ ಜ್ವಿಫ್ಟ್ ಕಾಗ್ ಅಂತ ಒಂದಿದೆ, ಅದಕ್ಕೂ ಕಂಪನಿ ಹೇಳುವುದು 8ರಿಂದ 12 ಸ್ಪೀಡು. ಅವಳು ಆಗಲೇ ಒಂದು ಡೈರೆಕ್ಟ್ ಡ್ರೈವ್ ಟ್ರೈನರನ್ನು ಆನ್‌ಲೈನ್‌ನಲ್ಲಿ ಕಾರ್ಟಿಗೆ ಹಾಕಿಟ್ಟಿದ್ದಳಂತೆ. ಒಂದು ಒಳ್ಳೆಯ ಸ್ಕೂಟರಿನ ಬೆಲೆಗೆ ಹತ್ತಿರ ಹತ್ತಿರ.

"ಅದನ್ನ ತೆಗೀ" ಅಂದೆ. "ಈಗ ಇದೇ ಸೈಕಲ್ಲಿಗೆ ಒಂದು ವೀಲ್-ಆನ್ ಸೆಕೆಂಡ್ ಹ್ಯಾಂಡ್ ತಗೋ. ಗಾಳಿ ಒತ್ತಡದ ಮೀಟರ್ ಇರೋ ಪಂಪ್ ತಗೋ. ದಿನಾ ಒಂದೇ ಗಾಳಿ ಹಿಡಿಸು, ಸ್ಪಿನ್‌ಡೌನ್ ತಪ್ಪಿಸಬೇಡ. ಮುಂದಿನ ವರ್ಷ ಸೈಕಲ್ ಬದಲಾಯಿಸುವಾಗ ಡೈರೆಕ್ಟ್ ಡ್ರೈವ್ ನೋಡೋಣ."

"ಅಲ್ಲೀವರೆಗೆ ನಿಮ್ಮದರಲ್ಲಿ ಒಂದ್ಸಲ ತುಳಿದು ನೋಡಬಹುದಾ ಮೇಡಂ?" ಅಂತ ಕೇಳಿದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಬರುತ್ತಿದ್ದಾಳೆ. ಅತ್ತೆ ಅಕ್ಕಿ ರೊಟ್ಟಿ ಮಾಡುತ್ತಾರಂತೆ. ಅವಳು ನನಗಿಂತ ಕುಳ್ಳಿ, ಶುಕ್ರವಾರ ರಾತ್ರಿಯೇ ಸೀಟನ್ನು ಎರಡಿಂಚು ಇಳಿಸಿಡಬೇಕು.